ಕಾವು, ಕಾವಲು

ಕನ್ನಡದಲ್ಲಿ ‘ಕಾಯುವುದು’ ಎಂಬ ಮಾತಿಗೆ ಮೂರು ಅರ್ಥಗಳಿವೆ. ಒಲೆಯ ಮೇಲಿನ ನೀರು ಕಾಯುತ್ತದೆ. ಮಾವಿನ ತೋಪನ್ನು ಕಾವಲುಗಾರ ಕಾಯುತ್ತಾನೆ. ಬಾರದ ಬಸ್ಸಿಗಾಗಿ ಪ್ರಯಾಣಿಕ ಕಾಯುತ್ತಾನೆ. ಬಿಸಿಯಾಗುವುದು, ರಕ್ಷಿಸುವುದು, ನಿರೀಕ್ಷಿಸುವುದು ಎಂಬ ಈ ಮೂರನ್ನೂ ಒಂದೇ ಕಡೆ ಕುಳಿತು ಏಕಕಾಲಕ್ಕೆ ಮಾಡಬಲ್ಲ ಜೀವಿ ಯಾವುದೆಂದರೆ, ಕಾವಿಗೆ ಕುಳಿತ ಕೋಳಿ.

ಶಿಡ್ಲಘಟ್ಟದ ಗಣಿತದ ಮೇಷ್ಟರೊಬ್ಬರಿಗೆ ಈ ವ್ಯಾಕರಣ ತಿಳಿಯಬೇಕಾದರೆ ಹನ್ನೆರಡು ಮೊಟ್ಟೆಗಳು ಬಲಿಯಾಗಬೇಕಾಯಿತು.

ಅವರ ತಾಯಿ ಸಾಕಿದ್ದ ನಾಟಿ ಕೋಳಿಯನ್ನು ಒಂದು ಮಧ್ಯಾಹ್ನ ಮುಂಗುಸಿ ಕೊಂದುಹಾಕಿತು. ಕಾವಿಗೆ ಕೂರಿಸಬೇಕೆಂದು ರಾಗಿಯ ಬುಟ್ಟಿಯಲ್ಲಿ ಕೂಡಿಟ್ಟಿದ್ದ ಮೊಟ್ಟೆಗಳು ಅನಾಥವಾದವು. ಮನೆಯಲ್ಲಿ ಉಳಿದಿದ್ದ ಎರಡು ಕೋಳಿಗಳೂ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ತಳಿಯವು. ಅವು ಮೊಟ್ಟೆಯಿಡುತ್ತವೆ, ಕಾವಿಗೆ ಕೂರುವ ಹಂಬಲ ಮಾತ್ರ ಅವಕ್ಕಿಲ್ಲ. ಕಾವಿಗೆ ಕುಳಿತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆಯಾದ್ದರಿಂದ, ಹೆಚ್ಚು ಮೊಟ್ಟೆ ಬಯಸಿದ ಮನುಷ್ಯ ತಲೆಮಾರುಗಳ ಆಯ್ಕೆಯಿಂದ ಆ ಗುಣವನ್ನೇ ಕಳೆಯುತ್ತ ಬಂದಿದ್ದಾನೆ. ತಾಯ್ತನವನ್ನು ಕಸಿದುಕೊಂಡವನು ಅದರ ಹೊಣೆಯನ್ನೂ ಹೊರಬೇಕಾದದ್ದು ನ್ಯಾಯವೇ ಸರಿ.

ಮೇಷ್ಟರು ಹೊಣೆ ಹೊರಲು ಸಿದ್ಧರಾದರು. ಮರುದಿನವೇ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗಿ, ಅಂಗೈಗಿಂತ ಚಿಕ್ಕದಾದ ಒಂದು ಆರ್ಡುಯಿನೋ ಫಲಕ, ಬಿಸಿ ಮತ್ತು ತೇವ ಎರಡನ್ನೂ ಅಳೆಯುವ ಒಂದು ಸಂವೇದಕ, ಒಂದು ರಿಲೇ, ಕಂಪ್ಯೂಟರಿನಿಂದ ಕಳಚಿದ ಒಂದು ಪುಟ್ಟ ಫ್ಯಾನು, ಇವಿಷ್ಟನ್ನೂ ಕೊಂಡುತಂದರು. ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿ 2005ರಲ್ಲಿ ಹುಟ್ಟಿದ ಆ ಫಲಕದಲ್ಲಿ ಬೆರಳುಗುರಿನಗಲದ ಗಣಕವೊಂದು ಅಡಗಿರುತ್ತದೆ. ಅದಕ್ಕೆ ಮೇಷ್ಟರು ಬರೆದುಕೊಟ್ಟ ಆಜ್ಞೆ ಸರಳವಾದದ್ದು: ಉಷ್ಣತೆ 37.5 ಡಿಗ್ರಿಗಿಂತ ಇಳಿದರೆ ಬಲ್ಬು ಹೊತ್ತಿಸು, 37.8ಕ್ಕೆ ಏರಿದರೆ ಆರಿಸು.

ಈ ಉಪಾಯ ಹೊಸದೇನೂ ಅಲ್ಲ. ನಾಲ್ಕುನೂರು ವರ್ಷಗಳ ಹಿಂದೆ ಕಾರ್ನೆಲಿಸ್ ಡ್ರೆಬ್ಬೆಲ್ ಎಂಬ ಡಚ್ಚರವನು ಇಂಗ್ಲೆಂಡಿನಲ್ಲಿ, ಪಾದರಸದ ಏರಿಳಿತದಿಂದ ಒಲೆಯ ಗಾಳಿಕಂಡಿಯನ್ನು ತೆರೆದು ಮುಚ್ಚುವ ಸಾಧನವೊಂದನ್ನು ರಚಿಸಿದ್ದನು. ಅದರ ಉಪಯೋಗಗಳಲ್ಲಿ ಒಂದು, ಮೊಟ್ಟೆಗೆ ಕಾವು ಕೊಡುವುದು. ತನ್ನ ಬಿಸಿಯನ್ನು ತಾನೇ ತಿದ್ದಿಕೊಳ್ಳುವ ಯಂತ್ರಗಳ ವಂಶಾವಳಿ ಹೀಗೆ ಕೋಳಿಯ ಗೂಡಿನ ಬಳಿಗೆ ಬಂದು ಮುಟ್ಟುತ್ತದೆ.

ಥರ್ಮೊಕೋಲಿನ ಪೆಟ್ಟಿಗೆ ಸಿದ್ಧವಾಯಿತು. ಎರಡು ಬಲ್ಬು, ಒಂದು ಬಟ್ಟಲು ನೀರು, ಮುಚ್ಚಳದಲ್ಲೊಂದು ಗಾಜಿನ ಕಿಂಡಿ. ಪ್ರತಿ ಮೊಟ್ಟೆಯ ಒಂದು ಬದಿಗೆ ಗುಣಾಕಾರದ ಗುರುತು, ಇನ್ನೊಂದು ಬದಿಗೆ ಸೊನ್ನೆ. ದಿನಕ್ಕೆ ಮೂರು ಸಲ ಹೊರಳಿಸಿದ್ದು ತಪ್ಪಬಾರದೆಂದು ಈ ಏರ್ಪಾಡು. ಹೊರಳಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುವುದುಂಟು.

ಇಪ್ಪತ್ತೊಂದನೆಯ ದಿನ ಮೂರು ಮೊಟ್ಟೆಗಳ ಒಳಗಿನಿಂದ ಚಿಲಿಪಿಲಿ ಕೇಳಿಸಿತು. ಮೇಷ್ಟರ ಸಂಭ್ರಮಕ್ಕೆ ಪಾರವಿಲ್ಲ. ಗಳಿಗೆಗೊಮ್ಮೆ ಮುಚ್ಚಳ ತೆರೆದರು, ಮಕ್ಕಳಿಗೆ ತೋರಿಸಿದರು, ಪಕ್ಕದ ಮನೆಯವರನ್ನು ಕರೆದರು. ಚಿಪ್ಪಿನಲ್ಲಿ ಸಣ್ಣ ಬಿರುಕು ಮೂಡಿತು. ಸಂಜೆಯ ವೇಳೆಗೆ ದನಿ ಕ್ಷೀಣಿಸಿತು; ರಾತ್ರಿ ನಿಂತೇಹೋಯಿತು.

ಕಾರಣ ಆಮೇಲೆ ತಿಳಿಯಿತು. ಕೊನೆಯ ಮೂರು ದಿನ ಪೆಟ್ಟಿಗೆಯೊಳಗೆ ತೇವ ಶೇಕಡ 65ರಿಂದ 70ರಷ್ಟು ಇರಬೇಕು. ಮುಚ್ಚಳ ತೆರೆದಾಗಲೆಲ್ಲ ತೇವ ಹಾರಿಹೋಗಿ, ಪೊರೆ ಒಣಗಿ, ಮರಿಯನ್ನು ಬಿಗಿದು ಕಟ್ಟಿಹಾಕಿತ್ತು. ಉಳಿದ ಒಂಬತ್ತರ ಕಥೆ ಬೇರೆ: ಸಂವೇದಕವನ್ನು ಬಲ್ಬಿನ ಹತ್ತಿರ ಕಟ್ಟಿದ್ದರಿಂದ, ಅದು ತನ್ನ ಬಿಸಿಯನ್ನೇ ಮೊಟ್ಟೆಗಳ ಬಿಸಿಯೆಂದು ವರದಿ ಮಾಡಿತ್ತು. ಆ ಒಂಬತ್ತು ಚಳಿಗೆ ಸತ್ತವು. ಈ ಮೂರು ಪ್ರೀತಿಗೆ ಸತ್ತವು.

ತಾಯಿ ಏನನ್ನೂ ಆಡಲಿಲ್ಲ. ಮೊಟ್ಟೆಗಳನ್ನು ತೆಂಗಿನ ಬುಡದಲ್ಲಿ ಹೂಳಿಬಂದು ಕೈ ತೊಳೆಯುತ್ತ ಒಂದೇ ಮಾತು ಹೇಳಿದರು: “ರೇಷ್ಮೆ ಮೊಟ್ಟೆಯನ್ನು ನಾವು ಹೀಗೆ ನೋಡಿದ್ದರೆ ನಿನ್ನ ಓದು ಸಾಗುತ್ತಿರಲಿಲ್ಲ.”

ಇಂದು ಬಹುಮಂದಿ ರೈತರು ಚಾಕಿ ಕೇಂದ್ರಗಳಿಂದ ಎಳೆಯ ಹುಳುಗಳನ್ನೇ ತರುತ್ತಾರೆ. ಆಕೆಯ ಪ್ರಾಯದಲ್ಲಿ ಮೊಟ್ಟೆಯ ಹಾಳೆಗಳೇ ಮನೆಗೆ ಬರುತ್ತಿದ್ದವು. ಒಂದೊಂದು ಚಿಟ್ಟೆಯದು 400–500 ಮೊಟ್ಟೆ. ಒಂದೊಂದೂ ಸಾಸಿವೆಗಿಂತ ಚಿಕ್ಕದು. ಸುಮಾರು ಹತ್ತು ದಿನ 25 ಡಿಗ್ರಿಯ ಹದ, ಶೇಕಡ 80ರ ತೇವ. ಅದಕ್ಕಾಗಿ ಗೋಡೆಗೆ ಒದ್ದೆ ಗೋಣಿ. ಮೊಟ್ಟೆಯಲ್ಲಿ ಕಪ್ಪು ಚುಕ್ಕೆ ಕಾಣಿಸಿದೊಡನೆ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ, ಎರಡು ದಿನ ಕತ್ತಲಲ್ಲಿಡಬೇಕು. ಮುಂದಾದವು ತಡೆದು ನಿಲ್ಲುತ್ತವೆ, ಹಿಂದುಳಿದವು ಬಂದು ಕೂಡಿಕೊಳ್ಳುತ್ತವೆ. ಮೂರನೆಯ ಬೆಳಗ್ಗೆ ಬೆಳಕಿಗೆ ಬಿಚ್ಚಿದರೆ ಎಲ್ಲವೂ ಒಟ್ಟಿಗೆ ಹುಳುವಾಗಿ ಏಳುತ್ತವೆ. ಆ ಎರಡು ದಿನ ಕಾಗದವನ್ನು ಬಿಚ್ಚಿ ನೋಡದಿರುವುದೇ ವಿದ್ಯೆ.

ಈ ಸೀಮೆಗೆ ಕಾಯುವುದು ಹೊಸತಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಹಲವು ನದಿಗಳು ಹುಟ್ಟಿದರೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಚಿಂತಾಮಣಿಯ ರೈತ ಮುಗಿಲು ನೋಡಿಯೇ ಬಿತ್ತುತ್ತಾನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತಿಂಗಳ ದುಡಿಮೆಯನ್ನು ಮುಂದಿಟ್ಟುಕೊಂಡು ಹರಾಜಿನ ಬೆಲೆಗೆ ಕಾಯುತ್ತಾನೆ. ಗೌರಿಬಿದನೂರಿನಲ್ಲಂತೂ 1965ರಲ್ಲಿ ಸ್ಥಾಪಿತವಾದ ಭೂಕಂಪಮಾಪಕಗಳ ಸಾಲು, ದೂರದ ನೆಲದಡಿಯ ನಡುಕಗಳಿಗೆ ಕಿವಿಗೊಟ್ಟು ಕಾಯುತ್ತಿರುತ್ತದೆ.

ಮೇಷ್ಟರು ಎರಡನೆಯ ಸಲ ನೆರೆಮನೆಯ ನಾಟಿ ಕೋಳಿಯ ಹನ್ನೆರಡು ಮೊಟ್ಟೆ ತಂದಿಟ್ಟರು. ಸಂವೇದಕವನ್ನು ಮೊಟ್ಟೆಗಳ ಮಟ್ಟಕ್ಕೆ ಇಳಿಸಿದರು. ಹದಿನೆಂಟನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ ಮುಚ್ಚಳ ಹಾಕಿದರು. ಇಪ್ಪತ್ತನೆಯ ರಾತ್ರಿ ಗುಡುಗು ಮಳೆ, ವಿದ್ಯುತ್ತು ಹೋಯಿತು. ಬ್ಯಾಟರಿಯ ಬಲದಿಂದ ಗಣಕವೇನೋ ಎಚ್ಚರವಾಗಿತ್ತು. ಬಲ್ಬುಗಳಿಗೆ ಆ ಭಾಗ್ಯವಿಲ್ಲ. 37 ಆಯಿತು, 36 ಆಯಿತು, 34 ಆಯಿತು. ಯಂತ್ರ ಒಂದು ಸುಳ್ಳನ್ನೂ ಹೇಳಲಿಲ್ಲ; ಒಂದು ಉಪಕಾರವನ್ನೂ ಮಾಡಲಿಲ್ಲ.

ಬಿಸಿನೀರಿನ ಸೀಸೆ ಇಡಲೆಂದು ಮೇಷ್ಟರು ಮುಚ್ಚಳಕ್ಕೆ ಕೈ ಹಾಕಿದರು. ತಾಯಿ ಆ ಕೈಯನ್ನು ಹಿಡಿದುಕೊಂಡರು.

“ಕೋಳಿಯೂ ದಿನಕ್ಕೊಂದು ಸಲ ಮೇವಿಗೆ ಏಳುವುದಿಲ್ಲವೇ? ಅಷ್ಟಕ್ಕೇ ಮೊಟ್ಟೆ ಸಾಯುತ್ತದೆಯೇ? ಬಿಡು.”

ಗಾಳಿಕಂಡಿಯನ್ನು ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಿ, ಪಕ್ಕದಲ್ಲೇ ಚಾಪೆ ಹಾಸಿ ಕುಳಿತರು. ಕೊನೆಯ ದಿನಗಳಲ್ಲಿ ಬೆಳೆದ ಮರಿಗಳು ತಮ್ಮ ಮೈಯಿಂದಲೇ ಸಾಕಷ್ಟು ಬಿಸಿ ಹುಟ್ಟಿಸುತ್ತವೆ. ಕಂಬಳಿ ಅದನ್ನು ಹಿಡಿದಿಟ್ಟಿತು. ಈ ಶಾಸ್ತ್ರವನ್ನು ಆಕೆ ಓದಿದವರಲ್ಲ. ಎರಡು ಗಂಟೆಗಳ ಮೇಲೆ ದೀಪ ಬಂದಿತು.

ಮರುದಿನ ಬೆಳಗಿನಿಂದ ಸಂಜೆಯವರೆಗೆ ಎಂಟು ಮರಿಗಳು ಒಂದೊಂದಾಗಿ ಚಿಪ್ಪೊಡೆದವು. ಮಕ್ಕಳು ಕಿಂಡಿಯ ಗಾಜಿಗೆ ಮೂಗು ಒತ್ತಿ ನೋಡಿದರು. ಮುಚ್ಚಳವನ್ನು ಯಾರೂ ಮುಟ್ಟಲಿಲ್ಲ. ಹೊಟ್ಟೆಯೊಳಗೆ ಸೆಳೆದುಕೊಂಡ ಹಳದಿಯ ಬಲದಿಂದ ಮರಿ ಒಂದು ದಿನ ಮೇವಿಲ್ಲದೆ ಇರಬಲ್ಲದೆಂದು ಮೇಷ್ಟರೇ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದರು.

ಪೆಟ್ಟಿಗೆಯ ಪಕ್ಕದ ಚಾಪೆಯನ್ನು ಮಾತ್ರ ತಾಯಿ ಇನ್ನೂ ಎತ್ತಿರಲಿಲ್ಲ.