ಪೆರುವಿನ ಕೂಸು, ನಾಲವಾರದ ಮಳೆ

ನಮ್ಮ ನಾಲವಾರದ ಕಡೆ ಮಳೆಗಳಿಗೆಲ್ಲ ಮನೆಮಂದಿಯಂತೆ ಹೆಸರುಂಟು. ರೋಹಿಣಿ, ಮಿರಗ, ಮಘಿ, ಹುಬ್ಬಿ, ಉತ್ತರಿ. ಈ ಬಳಗಕ್ಕೆ ಈಗ ಪರದೇಶದ ಕೂಸೊಂದು ಬಂದು ಸೇರಿದೆ: ಎಲ್ ನಿನೋ. "ಅಕ್ಕೋರೆ, ಅದ್ಯಾವ ರೋಗರೀ?" ಎಂದು ನನ್ನನ್ನು ಕೇಳಿದವರೂ ಉಂಟು.

ರೋಗವಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ಮೀನುಗಾರರು, ಕ್ರಿಸ್‌ಮಸ್ ಹೊತ್ತಿಗೆ ತಮ್ಮ ಕಡಲು ಬೆಚ್ಚಗಾಗುವುದನ್ನು ಕಂಡು ಬಾಲಯೇಸುವಿನ ನೆನಪಲ್ಲಿ ಇಟ್ಟ ಮುದ್ದಿನ ಹೆಸರು. ಸಾಮಾನ್ಯವಾಗಿ ಪೂರ್ವದ ಗಾಳಿ ಶಾಂತ ಸಾಗರದ ಬಿಸಿನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳುತ್ತದೆ. ಮೋಡ ಅಲ್ಲಿ ಏಳುತ್ತದೆ. ಆ ಗಾಳಿ ಸೋತ ವರ್ಷ ಬಿಸಿನೀರು ಪೆರುವಿನತ್ತ ಹರಡಿ, ಮೋಡದ ಸಂತೆಯೂ ಅತ್ತಲೇ ಸರಿಯುತ್ತದೆ. ನಮ್ಮ ಕಡೆ ಗಾಳಿ ಕೆಳಗಿಳಿದು, ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಮೋಡವನ್ನು ಅಡಗಿಸುತ್ತದೆ. 1904ರಲ್ಲಿ ನಮ್ಮ ದೇಶದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್, ಈ ಎರಡು ಸಾಗರಗಳ ಮೇಲಿನ ಗಾಳಿಯ ಒತ್ತಡ ತಕ್ಕಡಿಯಂತೆ ಏರಿಳಿಯುವುದನ್ನು ಲೆಕ್ಕ ಹಾಕಿ ತೋರಿಸಿದರು.

2023ರಲ್ಲಿ ಇದರ ಬಿಸಿ ನಮಗೆ ತಟ್ಟಿತು. 1901ರಿಂದೀಚೆಗೆ ದೇಶ ಅಷ್ಟು ಒಣ ಆಗಸ್ಟನ್ನು ಕಂಡಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತು. ಮಳೆ ತಪ್ಪಿದರೆ ಸೆಕೆಯೂ ಹೆಚ್ಚು. ಹಸಿ ಮಣ್ಣು ನೀರನ್ನು ಆವಿಯಾಗಿಸುತ್ತ ತಂಪಾಗಿರುತ್ತದೆ. ಒಣಗಿದ ಎರೆಹೊಲ ಕಾವನ್ನೆಲ್ಲ ಗಾಳಿಗೇ ಬಿಡುತ್ತದೆ. ಶಹಾಬಾದ್ ಫರಸಿಯ ಮನೆಯೊಳಗೆ ಒಲೆಯ ಮುಂದೆ ನಿಂತವಳಿಗೆ ಇದನ್ನು ಥರ್ಮಾಮೀಟರು ಹೇಳಬೇಕಿಲ್ಲ.

ಹಾಗೆಂದು ಹೆಸರು ಕೇಳಿಯೇ ಕೈಚೆಲ್ಲಬೇಕಿಲ್ಲ. 1997ರ ಎಲ್ ನಿನೋ ಬಹಳ ಬಲದ್ದು. ಆದರೂ ದೇಶದ ಮುಂಗಾರು ವಾಡಿಕೆಯಷ್ಟು ಸುರಿಯಿತು. ಆ ವರ್ಷ ಆಫ್ರಿಕದ ಮಗ್ಗುಲಲ್ಲಿ ಬಿಸಿಯಾದ ನಮ್ಮದೇ ಹಿಂದೂ ಮಹಾಸಾಗರ ಮಳೆಯ ಪರ ನಿಂತಿತ್ತೆಂದು ವಿಜ್ಞಾನಿಗಳು ಹೇಳುತ್ತಾರೆ. 2009ರಲ್ಲಿ ದೇಶಕ್ಕೆಲ್ಲ ಬರ. ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕಕ್ಕೆ ಮಾತ್ರ ಮಹಾಪೂರ. ಅಂದರೆ ಈ ಕೂಸಿನ ಬರವು ಒಂದು ಸೂಚನೆ, ಶಾಸನವಲ್ಲ.

ನಮ್ಮ ಚಿತ್ತಾಪುರ, ಸೇಡಂ ಸೀಮೆಯ ತೊಗರಿ ಬಹುಪಾಲು ಮಳೆಯನ್ನೇ ನಂಬಿದ್ದು. ಬೀಜ, ಗೊಬ್ಬರಕ್ಕೆ ಕೈಯಲ್ಲಿ ಕಾಸಿಲ್ಲದಾಗ ಮೊದಲು ಅಡವಿಗೆ ಹೋಗುವುದು ಹೆಂಗಸಿನ ಕೊರಳ ಸರ. ಆದ್ದರಿಂದ ಈ ಸುದ್ದಿ ಗಂಡಸರ ಕಟ್ಟೆಯಲ್ಲೇ ಉಳಿಯಬಾರದು. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮುನ್ಸೂಚನೆ ಕೊಡುತ್ತದೆ, ಮೇ ಕೊನೆಗೆ ಅದನ್ನು ತಿದ್ದಿ ಹೇಳುತ್ತದೆ. ಅದನ್ನು ಕೇಳಿಸಿಕೊಂಡು, "ನೆಲ ಚೆನ್ನಾಗಿ ನೆನೆಯಲಿ, ಬಿತ್ತಲು ಅವಸರ ಬೇಡ, ತೊಗರಿಯ ನಡುವೆ ನಾಲ್ಕು ಸಾಲು ಹೆಸರೋ ಉದ್ದೋ ಇರಲಿ" ಎಂದು ಹೇಳುವ ಹಕ್ಕು ಸರ ಬಿಚ್ಚಿಕೊಟ್ಟವಳಿಗೂ ಇದೆ.