ನಾನು ಮುಚ್ಚಿಟ್ಟ ಹುಡುಗ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗುರುಗಳ ವಾತ್ಸಲ್ಯ, ಗೆಳೆಯರ ಒಡನಾಟ ಇವುಗಳನ್ನೇ ಬರೆಯಬೇಕೆಂದುಕೊಂಡಿದ್ದೆ. ಅವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆ. ಇಲ್ಲಿ ಕಲಿತೆನೆಂಬ ಮಾತನ್ನು ಹಲವು ವರ್ಷ ಯಾರೆದುರಿಗೂ ಹೇಳದೆ ಬಚ್ಚಿಟ್ಟವನು ನಾನು. ಅದನ್ನು ಬರೆಯುವುದೇ ಪ್ರಾಮಾಣಿಕವೆನಿಸಿತು.

ಉಮರ್ಗಾ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮನೆಯ ಮಾತು ಕನ್ನಡ, ಸಂತೆಯ ಮಾತು ಮರಾಠಿ. ಈ ಶಾಲೆಯ ಮೊದಲ ತಂಡದಲ್ಲಿ ಏಳನೆಯ ಇಯತ್ತೆ ಮುಗಿಸಿ, 1982ರಲ್ಲಿ ನಿಲಂಗಾದ ಸೋದರಮಾವನ ಮನೆಯಲ್ಲಿದ್ದು ಮರಾಠಿ ಪ್ರೌಢಶಾಲೆ ಸೇರಿದೆ. ನಿಲಂಗಾ ಆ ವರ್ಷವೇ ಉಸ್ಮಾನಾಬಾದ ಜಿಲ್ಲೆಯಿಂದ ಬೇರ್ಪಟ್ಟು ಹೊಸ ಲಾತೂರ ಜಿಲ್ಲೆಗೆ ಸೇರಿತ್ತು. ಕನ್ನಡದಲ್ಲಿ ಜಡವಸ್ತುಗಳೆಲ್ಲ ನಪುಂಸಕಲಿಂಗ. ಮರಾಠಿಯಲ್ಲಿ ಹಾಗಲ್ಲ, ಭಾತ ಗಂಡು, ಭಾಕರಿ ಹೆಣ್ಣು, ಪಾಣಿ ನಪುಂಸಕ. ಏನು ಉಂಡು ಬಂದೆಯೆಂದು ಮಾಸ್ತರರು ಕೇಳಿದಾಗ ನಾನು ಭಾಕರಿಯನ್ನು ಗಂಡಾಗಿಸಿಬಿಟ್ಟೆ. ವರ್ಗವೆಲ್ಲ ನಕ್ಕಿತು, ಮಾಸ್ತರರೂ ನಕ್ಕರು. ಅಂದಿನಿಂದ ನನ್ನ ಹೆಸರು ‘ಕಾನಡ್ಯಾ’ ಆಯಿತು.

ಮರುವರ್ಷ ದೀಪಾವಳಿಯ ಮುಂಚೆ ಅವ್ವ ಎಸ್.ಟಿ. ಬಸ್ಸಿನಲ್ಲಿ ಬಂದು, ಜೋಳದ ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ಹಿಡಿದು ಶಾಲೆಯ ಗೇಟಿನಲ್ಲಿ ನಿಂತು “ತಮ್ಮಾ” ಎಂದು ಕೂಗಿದಳು. ಯಾರಿವಳೆಂದು ಗೆಳೆಯರು ಕೇಳಿದರು. ಮನೆಗೆಲಸದವಳು ಎಂದೆ, ಮರಾಠಿಯಲ್ಲಿ. ಸಂತೆಯ ಮರಾಠಿ ಬಲ್ಲ ಅವ್ವನಿಗೆ ಅದು ತಿಳಿಯದೇನು? ಗಂಟು ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮುಂದೆ ಹಠದಿಂದ ಮರಾಠಿ ಕಲಿತೆ. ಅದು ನನಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ದೂರಿಲ್ಲ. ಉದಗೀರದಲ್ಲಿ ಬ್ಯಾಂಕಿನ ನೌಕರಿಯೂ ದೊರೆಯಿತು. ಆದರೂ ಪ್ರತಿ ವಾಕ್ಯದ ಲಿಂಗವನ್ನು ಮನಸ್ಸಿನಲ್ಲಿ ತೂಗಿ ನೋಡದೆ ನಾಲಗೆ ಏಳುತ್ತಿರಲಿಲ್ಲ. ಯಾರಾದರೂ ಹೊಗಳಿದರೆ, ಇವರಿಗೆ ನಿಜ ತಿಳಿಯದು ಎಂದುಕೊಳ್ಳುತ್ತಿದ್ದೆ. ನಮ್ಮ ಸಿಪಾಯಿಯೊಬ್ಬರ ಮರಾಠಿಯಲ್ಲಿ ಕನ್ನಡದ ವಾಸನೆಯಿತ್ತು. ಅವರನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದೆ, ಕಾರಣವಿಲ್ಲದೆ ಗದರುತ್ತಿದ್ದೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾಯಿತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಊರೂರುಗಳೇ ಕಲ್ಲುಮಣ್ಣಿನ ಗೋಡೆಗಳಡಿ ಹೂತುಹೋದವು. ನಾವು ಕೆಲವರು ಬಟ್ಟೆಬರೆ ಹೊತ್ತು ಉಮರ್ಗಾದ ಪರಿಹಾರ ಶಿಬಿರಕ್ಕೆ ಹೋದೆವು. ಅಲ್ಲಿ ಮುದುಕಿಯೊಬ್ಬಳು ಕನ್ನಡದಲ್ಲಿ ಮೊಮ್ಮಗನನ್ನು ಕೇಳಿ ಕೇಳಿ ಅಳುತ್ತಿದ್ದಳು. ಪರಊರಿನ ಡಾಕ್ಟರು ಈ ಮಾತು ಯಾರಿಗೆ ಬರುತ್ತದೆಯೆಂದು ಸುತ್ತಲೂ ನೋಡಿದರು. ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ ನಾನು ಸುಮ್ಮನಿದ್ದೆ. ಆ ಸಿಪಾಯಿಯೇ ಮುಂದೆ ಬಂದು, ಅವಳ ಕೈ ಹಿಡಿದು, “ಯಾಕ ಯವ್ವಾ?” ಎಂದರು.

ಅಂದಿನ ರಾತ್ರಿಯಿಂದ ನಿದ್ರೆ ಹೋಯಿತು. ಕೆಲವು ವರ್ಷಗಳ ನಂತರ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ (1875–1961) ಅವರ ವಿಚಾರಗಳನ್ನು ಓದಿದೆ. ನಮ್ಮದಲ್ಲವೆಂದು ನಾವು ತಳ್ಳಿದ್ದೆಲ್ಲ ಅಳಿಯದೆ ನೆರಳಾಗಿ ಉಳಿಯುತ್ತದೆ. ಅದನ್ನು ನಾವು ಇತರರಲ್ಲಿ ಕಂಡು ದ್ವೇಷಿಸುತ್ತೇವೆ. ಆ ನೆರಳಿನಲ್ಲಿ ಕೆಟ್ಟದ್ದಷ್ಟೇ ಅಲ್ಲ, ನಮ್ಮ ಒಳ್ಳೆಯದೂ ಅಡಗಿರುತ್ತದೆ ಎಂಬುದು ಅವರ ಮತ. ನನಗೆ ಕಣ್ಣೆದುರು ಬಂದವರು ನಮ್ಮ ಸಿಪಾಯಿ.

ಒಂದು ವಹಿ ಕೊಂಡು ತಂದೆ. ಇಂದು ಯಾರ ಮೇಲೆ ಸಿಟ್ಟು ಬಂತು, ಅವರಲ್ಲಿ ಯಾವುದು ಸಹಿಸಲಿಲ್ಲ, ಅದು ನನ್ನಲ್ಲಿ ಎಲ್ಲಿದೆ ಎಂದು ರಾತ್ರಿ ಬರೆಯತೊಡಗಿದೆ. ಮೊದಮೊದಲು ಮರಾಠಿಯಲ್ಲಿ ಬರೆದೆ. ಅದರಲ್ಲಿ ಸುಳ್ಳು ಸಲೀಸಾಗಿ ಬರುತ್ತಿತ್ತು. ಕನ್ನಡಕ್ಕೆ ತಿರುಗಿದಾಗ ಒತ್ತಕ್ಷರಗಳೇ ಮರೆತುಹೋಗಿದ್ದವು. ಯಾರ ಹೆಸರಿನಿಂದ ಆರಂಭಿಸಿದರೂ ಕೊನೆಗೆ ನಗೆಗೀಡಾಗಿ ನಿಂತ ಅದೇ ಹದಿಮೂರರ ಹುಡುಗ ಬರುತ್ತಿದ್ದ. ಅವನನ್ನು ನಕ್ಕವರು ಒಂದು ದಿನ ನಕ್ಕು ಮರೆತರು; ಹನ್ನೊಂದು ವರ್ಷ ಬಿಡದೆ ನಕ್ಕವನು ನಾನೇ. ಇದು ಸುಲಭದ ಕೆಲಸವೆಂದು ವಾಚಕರು ತಿಳಿಯಬಾರದು. ವಹಿಯನ್ನು ಮೂಲೆಗೆಸೆದು ತಿಂಗಳುಗಟ್ಟಲೆ ಮುಟ್ಟದಿದ್ದುದೂ ಉಂಟು.

ಈ ನಡುವೆ ಇತಿಹಾಸವನ್ನೂ ಓದಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಲ್ಲಿದ್ದವು. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಕರೆದುಕೊಂಡಿದ್ದರು. ಎದೆಯುಬ್ಬಿತು, ನಿಜ. ಆದರೆ ಗೇಟಿನಲ್ಲಿ ನಿಂತಿದ್ದ ಅವ್ವನಿಗೆ ರಾಷ್ಟ್ರಕೂಟರು ಬಂದು ಉತ್ತರ ಹೇಳುವಂತಿರಲಿಲ್ಲ.

ಸಿಪಾಯಿಯವರ ಕ್ಷಮೆ ಕೇಳಿದೆ. ಅವರು ನಕ್ಕು, ಚಹ ತರಿಸಿದರು. ಅವ್ವನ ಬಳಿಗೆ ಹೋಗಲು ಮತ್ತೆರಡು ವರ್ಷ ಹಿಡಿಯಿತು. ಒಂದು ಸಂಜೆ ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು.

“ನನಗ ಗೊತ್ತಿತ್ತಪ್ಪಾ. ಅವತ್ತ ರೊಟ್ಟಿ ಉಂಡಿದ್ದೇನು?”

ಉಂಡಿರಲಿಲ್ಲ. ಮಾವನ ಮನೆಯ ಆಕಳಿಗೆ ಹಾಕಿದ್ದೆ. ಅದನ್ನೂ ಹೇಳಿದೆ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊರವನ್ನು ಮತ್ತೆ ಕೈಗೆತ್ತಿಕೊಂಡು, “ಆಕಳಾದ್ರೂ ಉಂಡಿತಲ್ಲ” ಎಂದಳು.