ಅಮ್ಮನ ಮೊಣಕಾಲಿನ ನೆಪ

ನಮ್ಮಮ್ಮ ಎಪ್ಪತ್ತೆರಡು ವರ್ಷದವರೆಗೂ ಸಮುದ್ರ ನೋಡಿರಲಿಲ್ಲ. ದಾವಣಗೆರೆಯ ಬಯಲಿನವರಿಗೆ ಕೆರೆ ಕೋಡಿ ಬಿದ್ದರೇ ದೊಡ್ಡ ಸಂಭ್ರಮ. ಉಡುಪಿಗೆ ಹೋದಾಗಲೆಲ್ಲ "ಮಲ್ಪೆ ಇಲ್ಲೇ ಹತ್ತಿರವಂತಲ್ಲೇ" ಎಂದು ಅವಳು ರಾಗ ತೆಗೆಯುವುದು, "ನಿನ್ನ ಮೊಣಕಾಲು ಕೇಳಬೇಕಲ್ಲಮ್ಮ" ಎಂದು ನಾನು ಬಾಯಿ ಮುಚ್ಚಿಸುವುದು ನಡೆದೇ ಇತ್ತು.

ಕಳೆದ ಜನವರಿಯಲ್ಲಿ ಮಾತ್ರ ಕೃಷ್ಣನ ದರ್ಶನ ಮುಗಿಸಿದವಳೇ ರಥಬೀದಿಯ ಜಗಲಿಯೊಂದರ ಮೇಲೆ ಕೂತುಬಿಟ್ಟಳು. "ಸಮುದ್ರ ತೋರಿಸೋವರೆಗೂ ಬಸ್ಸು ಹತ್ತೋಳಲ್ಲ." ಮಕ್ಕಳು ಅಜ್ಜಿಯ ಪಕ್ಷ ಸೇರಿದವು. ಹೊರಟೆವು. ಮಲ್ಪೆಯ ದಡ ನೋಡಿದರೆ ಸಾಲದೆಂದು ಸೇಂಟ್ ಮೇರೀಸ್ ದ್ವೀಪಕ್ಕೇ ಹೋಗಬೇಕೆಂದಳು! ಮಳೆಗಾಲವಾಗಿದ್ದರೆ ದೋಣಿಯೇ ಇರುತ್ತಿರಲಿಲ್ಲ. ನನ್ನ ದುರದೃಷ್ಟಕ್ಕೆ ಸಮುದ್ರ ಶಾಂತವಾಗಿತ್ತು.

ದಾರಿಯುದ್ದಕ್ಕೂ ನಾನು ಕಣ್ಣು ಮುಚ್ಚಿ ದೋಣಿಯ ಅಂಚು ಹಿಡಿದಿದ್ದೆ. ದ್ವೀಪದ ಬಳಿ ಮೊಣಕಾಲುದ್ದ ನೀರಿಗಿಳಿಯಬೇಕು. ಅಮ್ಮ ಸೀರೆ ಎತ್ತಿ ಸಿಕ್ಕಿಸಿ, ದೋಣಿಯವನ ಕೈ ಹಿಡಿದು ಇಳಿದೇಬಿಟ್ಟಳು. ಕೊನೆಗೆ ಉಳಿದವಳು ನಾನು!

ಎಂಥ ಜಾಗವದು! ಆರು ಮೂಲೆ, ಐದು ಮೂಲೆಯ ಕಲ್ಲುಕಂಬಗಳನ್ನು ಯಾರೋ ಒತ್ತೊತ್ತಾಗಿ ನಿಲ್ಲಿಸಿದಂತಿವೆ. ಅವುಗಳ ನಡುವೆ ಅಲೆ ನುಗ್ಗಿ ನೊರೆಯಾಗುತ್ತದೆ. ಕಾಲಡಿ ಬರೀ ಚಿಪ್ಪುಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವಾಗ ಉಕ್ಕಿದ ಲಾವಾ ತಣಿದು, ಕುಗ್ಗಿ, ಹೀಗೆ ಸೀಳಿತಂತೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದಿದ್ದನೆಂಬ ಐತಿಹ್ಯವೂ ಇದೆ. ಮಗ ಇದನ್ನೆಲ್ಲ ವಿವರಿಸುತ್ತಿದ್ದರೆ ಅಮ್ಮ ಮೋಟು ಕಂಬವೊಂದರ ಮೇಲೆ ಮಣೆಯ ಮೇಲೆ ಕೂತಂತೆ ಕೂತು ನೀರನ್ನೇ ನೋಡುತ್ತಿದ್ದಳು.

"ನಿಮ್ಮಪ್ಪ ಪ್ರತಿ ವರ್ಷ ಕರ್ಕೊಂಡು ಹೋಗ್ತೀನಿ ಅನ್ನೋರು. ಒಂದು ವರ್ಷ ನಿನ್ನ ಫೀಸು, ಒಂದು ವರ್ಷ ನಿನ್ನ ಮದುವೆ" ಎಂದಳು. ಆಕ್ಷೇಪಣೆಯಿರಲಿಲ್ಲ, ಲೆಕ್ಕ ಹೇಳಿದಳಷ್ಟೆ. ಸ್ವಲ್ಪ ಹೊತ್ತು ಬಿಟ್ಟು, "ನೀರಿನ ಹೆದರಿಕೆ ನಿನಗೆ ಅಂತ ಗೊತ್ತಿತ್ತು ಕಣೇ. ಮಕ್ಕಳೆದುರು ಯಾಕೆ ಅಂತ ಸುಮ್ಮನಿದ್ದೆ. ಇನ್ನು ಮೇಲೆ ಅದನ್ನ ನನ್ನ ಮೊಣಕಾಲಿಗೆ ಕಟ್ಟಬೇಡ" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಹಿರಿಯರ ಆರೋಗ್ಯದ ಹೆಸರು ಹೇಳಿ ನಮ್ಮ ಅನುಕೂಲ ನೋಡಿಕೊಳ್ಳುವುದು ಎಷ್ಟು ಸುಲಭ! ಅವರೂ ಅದನ್ನು ತಿಳಿದೇ ನಮ್ಮ ಮಾನ ಕಾಯುತ್ತಾರೆ.

ಆ ರಾತ್ರಿ ಅಮ್ಮನ ಮೊಣಕಾಲು ನಿಜಕ್ಕೂ ಊದಿತ್ತು. ಬೈಯದೆ ಕೂತು ಎಣ್ಣೆ ತಿಕ್ಕಿದೆ. ಅರೆನಿದ್ದೆಯಲ್ಲೇ ಕೇಳಿದಳು:

"ಮುರುಡೇಶ್ವರದಲ್ಲೂ ಸಮುದ್ರ ಇದೆಯಂತಲ್ಲೇ?"